ಕಂಪ್ಯೂಟರ್ ಬರೆದರೂ ಪ್ರಮಾಣಿಸಿ ನೋಡು

ಕಳೆದ ಭಾನುವಾರ ಸಂಜೆ ಚಿಕ್ಕಲಸಂದ್ರದ ನಮ್ಮ ಮನೆಗೆ ಹಿಂದಿನ ಬೀದಿಯ ದಂಪತಿ ಬಂದರು. ಜೊತೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಮಗಳು. ಕಾಫಿ ಕುಡಿದು, ಉತ್ತರಹಳ್ಳಿ ರಸ್ತೆಯ ವಾಹನಗಳ ಗಲಾಟೆಯನ್ನು ಶಾಸ್ತ್ರಕ್ಕೆ ಒಂದಿಷ್ಟು ಬೈದಾದ ಮೇಲೆ ವಿಷಯಕ್ಕೆ ಬಂದರು. ಹುಡುಗಿಗೆ ಕಾನೂನು ಓದುವ ಆಸೆ. ತಾಯಿಗೆ ಒಪ್ಪಿಗೆ. ತಂದೆಗೆ ಮಾತ್ರ ಅನುಮಾನ. ಆ ಅನುಮಾನದ ಬೀಜ ಬಿತ್ತಿದವರು ಹುಡುಗಿಯ ಸೋದರಮಾವ. ಅವರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಹಾಗಾಗಿ ಮನೆಯಲ್ಲಿ ಅವರ ಮಾತಿಗೆ ತೂಕ ಹೆಚ್ಚು.

“ಇವಳು ಐದು ವರ್ಷ ಓದಿ ಹೊರಗೆ ಬರೋ ಹೊತ್ತಿಗೆ ವಕೀಲರ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡ್ತಿರುತ್ತೆ ಅಂತಾನೆ ಸಾರ್ ನನ್ನ ಭಾವಮೈದ. ಸುಮ್ಮನೆ ಹೇಳಲಿಲ್ಲ, ಮಾಡಿಯೇ ತೋರಿಸಿದ” ಎಂದು ತಂದೆ ಮೊಬೈಲ್ ಮುಂದೆ ಹಿಡಿದರು. ಅವರ ಗೆಳೆಯರೊಬ್ಬರಿಗೆ ಬಂದ ಚೆಕ್ ಬೌನ್ಸ್ ಆಗಿತ್ತು. ಅದರ ವಿವರ ಹೇಳಿ, ಲೀಗಲ್ ನೋಟಿಸ್ ಬರೆದುಕೊಡು ಎಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದನ್ನು ಕೇಳಿದ್ದಾರೆ. ಅರ್ಧ ನಿಮಿಷದಲ್ಲಿ ಎರಡು ಪುಟದ ನೋಟಿಸ್ ಸಿದ್ಧ!

ಓದಿ ನೋಡಿದೆ. ಭಾಷೆ ಸೊಗಸಾಗಿತ್ತು. ನಾನು ವಕೀಲಿ ಶುರು ಮಾಡಿದ ಕಾಲದಲ್ಲಿ ಇಂಥದೊಂದು ನೋಟಿಸ್ ಬರೆದಿದ್ದರೆ ನನ್ನ ಸೀನಿಯರ್ ಬೆನ್ನು ತಟ್ಟುತ್ತಿದ್ದರೇನೋ. ಆದರೆ ಎರಡು ಕಡೆ ಕಣ್ಣು ನಿಂತಿತು. ಒಂದು, ನೋಟಿಸ್ ತಲುಪಿದ 30 ದಿನಗಳೊಳಗೆ ಹಣ ಕೊಡಬೇಕು ಎಂದು ಬರೆದಿತ್ತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ 30 ದಿನ ಇರುವುದು ನೋಟಿಸ್ ಕಳಿಸುವುದಕ್ಕೆ. ಹಣ ಕೊಡಲು ಚೆಕ್ ಕೊಟ್ಟವನಿಗೆ ಇರುವುದು 15 ದಿನ. ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಕೊಡಬೇಕು. ಈ ನೋಟಿಸ್ ನಂಬಿಕೊಂಡು 30 ದಿನ ಕಾದು ಕೂತರೆ, ಆ ಒಂದು ತಿಂಗಳಲ್ಲಿ ಅರ್ಧ ಕಳೆದೇ ಹೋಗಿರುತ್ತದೆ. ಎರಡನೆಯದು, ಕೊನೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಟ್ಟಿತ್ತು. ನಾನು ಹತ್ತಾರು ವರ್ಷ ಚೆಕ್ ಕೇಸು ನಡೆಸಿದವನು. ಆ ಹೆಸರು ಕೇಳಿದ ನೆನಪಿರಲಿಲ್ಲ.

ಹುಡುಗಿಗೆ ಹೇಳಿದೆ: “ನೋಡಮ್ಮಾ, ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ಅನ್ನೋ ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಈ ತೀರ್ಪನ್ನು ಹುಡುಕು. ಸಿಕ್ಕರೆ ನಿನ್ನ ಮಾವನ ಮಾತು ನಿಜ. ಸಿಗದೇ ಇದ್ದರೆ ನಿನ್ನ ಅಪ್ಪನ ಹತ್ತಿರ ನಾನು ಮಾತಾಡ್ತೀನಿ.”

ಅವಳು ನಮ್ಮ ಹಜಾರದಲ್ಲೇ ಕುಳಿತು ಹುಡುಕತೊಡಗಿದಳು. ಅವಳು ಹುಡುಕುತ್ತಿರಲಿ, ಅಷ್ಟರಲ್ಲಿ ಅವಳ ತಂದೆಗೆ ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಏಕೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಈಚೆಗೆ ಇದೇ ಪ್ರಶ್ನೆ: “ಎಐ ಬಂದಿದೆ. ಮಕ್ಕಳನ್ನು ಕಾನೂನು ಓದಿಗೆ ಸೇರಿಸಬಹುದೇ?”

ಇಲ್ಲದ ತೀರ್ಪುಗಳ ಕಥೆ

2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ವಿಮಾನ ಪ್ರಯಾಣಿಕರೊಬ್ಬರ ಕೇಸು ನಡೆಯುತ್ತಿತ್ತು. ಅವರ ವಕೀಲರು ಸಲ್ಲಿಸಿದ ವಾದಪತ್ರದಲ್ಲಿ ಉದಾಹರಿಸಿದ್ದ ಆರು ತೀರ್ಪುಗಳು ಲೋಕದಲ್ಲೇ ಇರಲಿಲ್ಲ. ಚಾಟ್‌ಜಿಪಿಟಿಯನ್ನು ಕೇಳಿ ಬರೆದಿದ್ದರು. ಪುಸ್ತಕ ತೆರೆದು ನೋಡಿರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ದಂಡಕ್ಕಿಂತ ದೊಡ್ಡ ನಷ್ಟವೆಂದರೆ ಆ ವಕೀಲರ ಹೆಸರು ಜಗತ್ತಿಗೆಲ್ಲ ಗೊತ್ತಾದ ರೀತಿ.

ಅದು ಅಮೆರಿಕದ ಮಾತಾಯಿತು ಎನ್ನಬೇಡಿ. ನಮ್ಮ ಬೆಂಗಳೂರಿನಲ್ಲೇ 2024ರ ಡಿಸೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ ಒಂದು ಆದೇಶ ಹೊರಡಿಸಿತು. ಅದರಲ್ಲಿ ಆಧಾರವಾಗಿ ಹೆಸರಿಸಿದ್ದ ಕೆಲವು ತೀರ್ಪುಗಳು ಇಲ್ಲವೇ ಇಲ್ಲ ಎಂಬುದು ಬೆಳಕಿಗೆ ಬಂದು, ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮರುವರ್ಷ, 2025ರ ಮಾರ್ಚ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ಮುಂದೆ ಇಂಥದೇ ಇನ್ನೊಂದು ಸಂಗತಿ ಬಂತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದು ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿತ್ತು. ಹೈಕೋರ್ಟ್ ಇದನ್ನು ಗಂಭೀರವಾಗಿ ತೆಗೆದುಕೊಂಡು ಮುಂದಿನ ಕ್ರಮಕ್ಕೆ ಸೂಚಿಸಿತು. ಅವು ಎಲ್ಲಿಂದ ನುಸುಳಿದವು ಎಂಬುದು ವಿಚಾರಣೆಯ ವಿಷಯ. ನಮಗೆ ಬೇಕಾದ ಪಾಠ ಒಂದೇ: ವಕೀಲರು ಬರೆದದ್ದಿರಲಿ, ನ್ಯಾಯಾಲಯ ಬರೆದದ್ದೇ ಇರಲಿ, ಮೂಲವನ್ನು ತೆಗೆದು ನೋಡುವ ಒಬ್ಬ ಮನುಷ್ಯ ನಡುವೆ ಇರಲೇಬೇಕು.

ಯಂತ್ರ ಹೀಗೇಕೆ ಮಾಡುತ್ತದೆ? ಅದಕ್ಕೆ ಸುಳ್ಳು ಹೇಳುವ ಬುದ್ಧಿಯಿಲ್ಲ, ನಿಜ. ಆದರೆ ನಿಜ ಹೇಳಬೇಕೆಂಬ ಕಾಳಜಿಯೂ ಇಲ್ಲ. ಈ ತಂತ್ರಾಂಶಗಳು ಕೋಟ್ಯಂತರ ಪುಟಗಳನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತವೆ. ತೀರ್ಪಿನ ಹೆಸರು ಹೇಗಿರುತ್ತದೆ ಎಂಬುದು ಅವಕ್ಕೆ ಚೆನ್ನಾಗಿ ಗೊತ್ತು. ಆ ತೀರ್ಪು ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಈಚಿನ ಕೆಲವು ತಂತ್ರಾಂಶಗಳು ಮೂಲವನ್ನು ಹುಡುಕಿ ತಂದು ತೋರಿಸುತ್ತವೆ. ತಂದದ್ದು ಸರಿಯೇ, ನಮ್ಮ ಕೇಸಿಗೆ ಅದು ಹೊಂದುತ್ತದೆಯೇ ಎಂದು ಓದಿ ನೋಡುವವರು ಆಗಲೂ ಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲು. ಆ ಗಾದೆಯೇ ಇಂದು ವಕೀಲಿ ವೃತ್ತಿಯ ಬಂಡವಾಳವಾಗಿದೆ.

ಹಾಗೆಂದು ಸೋದರಮಾವನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಒಂದೇ ನಮೂನೆಯ ಬಾಡಿಗೆ ಕರಾರು, ಒಂದೇ ನಮೂನೆಯ ನೋಟಿಸ್ ಬರೆದು ಜೀವನ ಸಾಗಿಸುವ ವಕೀಲಿ ಇನ್ನು ಕಷ್ಟ. ಹೊಸದಾಗಿ ಕಚೇರಿಗೆ ಸೇರಿದ ಜೂನಿಯರ್‌ಗಳಿಗೆ ಮೊದಲೆರಡು ವರ್ಷ ಕೊಡುತ್ತಿದ್ದ ಎತ್ತಿ ಬರೆಯುವ, ಪಟ್ಟಿ ಮಾಡುವ ಕೆಲಸವೂ ಕಡಿಮೆಯಾಗುತ್ತದೆ. ಆದರೆ ಯಂತ್ರ ಮಾಡಿದ ಕೆಲಸಕ್ಕೆ ಸಹಿ ಹಾಕುವವರು, ತಪ್ಪಾದರೆ ಹೊಣೆ ಹೊರುವವರು ಬೇಕೇ ಬೇಕು. ಇನ್ನೂ ದೊಡ್ಡ ಮಾತೆಂದರೆ, ಈ ಯಂತ್ರಗಳಿಂದಲೇ ಹೊಸ ಹೊಸ ವ್ಯಾಜ್ಯಗಳು ಹುಟ್ಟುತ್ತಿವೆ. ಅವುಗಳನ್ನು ಬಿಡಿಸುವವರು ಯಾರು?

ನಮ್ಮ ಬೀದಿಯಲ್ಲೇ ತಂತ್ರಜ್ಞಾನದ ಕಾನೂನು

‘ಟೆಕ್ನಾಲಜಿ ಲಾ’ ಎಂದರೆ ಗಾಜಿನ ಕಟ್ಟಡದಲ್ಲಿ ಕೋಟು ಹಾಕಿಕೊಂಡು ಅಮೆರಿಕದ ಕಂಪನಿಗೆ ಕರಾರು ಬರೆಯುವುದು ಎಂದು ಅನೇಕರ ಎಣಿಕೆ. ಅದೂ ಹೌದು. ಆದರೆ ಅದು ನಮ್ಮ ಬೀದಿಯಲ್ಲೂ ಇದೆ.

ಚಿಕ್ಕಲಸಂದ್ರ ಒಂದು ಕಾಲಕ್ಕೆ ಹಳ್ಳಿ. ಹೊಲಗದ್ದೆಗಳು ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಈಗ ನಾಲ್ಕಂತಸ್ತಿನ ಕಟ್ಟಡಗಳಾಗಿವೆ. ಇಲ್ಲಿನ ಹಲವರ ಮನೆಯ ಕಬ್ಬಿಣದ ಬೀರುವಿನಲ್ಲಿ ಕೈಬರಹದ ಕ್ರಯಪತ್ರಗಳಿವೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಕ್ರಯಪತ್ರದಲ್ಲಿ ‘ನಂಜುಂಡಯ್ಯ’ ಎಂದಿದ್ದ ಅಜ್ಜ ಆಧಾರ್‌ನಲ್ಲಿ ‘ನಂಜುಂಡಪ್ಪ’ ಆಗಿದ್ದರೆ ಕಂಪ್ಯೂಟರ್ ಇಬ್ಬರೂ ಒಬ್ಬರೇ ಎಂದು ಒಪ್ಪುವುದಿಲ್ಲ. ಒಪ್ಪಿಸುವ ದಾರಿ ಯಾವುದು, ಯಾವ ದಾಖಲೆ ಸಾಕು, ಯಂತ್ರ ತಿರಸ್ಕರಿಸಿದರೆ ಯಾರ ಮುಂದೆ ಅಹವಾಲು ಹೇಳಬೇಕು? ಇದು ತಂತ್ರಜ್ಞಾನದ ಕಾನೂನಲ್ಲದೆ ಮತ್ತೇನು?

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಈ ಶತಮಾನದ ಆರಂಭದಲ್ಲೇ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಸಿಗತೊಡಗಿತು. ಯಾವ ಅಧಿಕಾರಿ ಯಾವಾಗ ನಮೂದು ಬದಲಿಸಿದರು ಎಂಬುದು ಯಂತ್ರದಲ್ಲಿ ದಾಖಲಾಗುವಂತೆ ಬೆರಳಚ್ಚಿನ ವ್ಯವಸ್ಥೆಯನ್ನೂ ತಂದರು. ಪಹಣಿಯ ವ್ಯಾಜ್ಯದಲ್ಲಿ ‘ಈ ಅಕ್ಷರ ಯಾರದು’ ಎಂದು ಕೇಳುತ್ತಿದ್ದ ನಾವು ‘ಲಾಗಿನ್ ಮಾಡಿದವರು ಯಾರು’ ಎಂದು ಕೇಳುವುದನ್ನು ಆಗಲೇ ಕಲಿಯಬೇಕಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಸೈಬರ್ ಅಪರಾಧ ಪೊಲೀಸ್ ಠಾಣೆಯೂ ಬಂತು. ಹಾಗಾಗಿ ಇದು ನಿನ್ನೆ ಮೊನ್ನೆಯ ಮಾತಲ್ಲ.

ಈಗ ಕೆಲಸದ ಬಗೆಗಳನ್ನು ನೋಡಿ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಪಿಂಚಣಿ ಹಣ ದೋಚುವ ಮೋಸಗಳು. ಅವುಗಳಲ್ಲಿ ದೂರು, ಬ್ಯಾಂಕಿನ ಹೊಣೆ, ಹಣ ತಡೆಹಿಡಿಸುವ ಪ್ರಕ್ರಿಯೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳನ್ನು ಜಾರಿಗೆ ತರಲು 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಆಸ್ಪತ್ರೆ, ಟ್ಯೂಷನ್ ಆ್ಯಪ್, ಸಾಲ ಕೊಡುವ ಕಂಪನಿ ಎಲ್ಲರಿಗೂ ಇದನ್ನು ತಿಳಿದವರ ಸಲಹೆ ಬೇಕಾಗುತ್ತದೆ. ಇನ್ನು ಹಕ್ಕುಸ್ವಾಮ್ಯ. ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ಎಐ ತರಬೇತಿಗೆ ಬಳಸಿದ್ದಾರೆ ಎಂದು ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಅಂತರ್ಜಾಲದ ಬರಹಗಳನ್ನು ಸರ್ಕಾರ ತೆಗೆಸುವ ‘ಸಹಯೋಗ್’ ವ್ಯವಸ್ಥೆಯನ್ನು ಪ್ರಶ್ನಿಸಿ ಎಕ್ಸ್ ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಆ ಅರ್ಜಿಯನ್ನು ವಜಾ ಮಾಡಿತು. ಯುರೋಪಿನಲ್ಲಿ ಎಐಗೆಂದೇ 2024ರಲ್ಲಿ ಕಾಯ್ದೆ ಬಂದಿದೆ. ಅಲ್ಲಿನ ಗ್ರಾಹಕರಿಗೆ ಕೆಲಸ ಮಾಡುವ ಬೆಂಗಳೂರಿನ ಕಂಪನಿಗಳೂ ಅದನ್ನು ಓದಲೇಬೇಕಾಗಿದೆ.

ಎಂಬತ್ತಾರರ ಅರ್ಜಿದಾರರು

“ಇದೆಲ್ಲ ಸರಿ ಸಾರ್. ಆದರೆ ಇವಳು ಕಾಮರ್ಸ್ ಓದಿದವಳು. ಕಂಪ್ಯೂಟರ್ ಸೈನ್ಸ್ ಗೊತ್ತಿಲ್ಲದೆ ಈ ಕಾನೂನು ಹತ್ತುತ್ತಾ?” ಎಂದರು ತಾಯಿ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಮ್ಮವರೇ ಒಬ್ಬ ಹಿರಿಯರ ಕಥೆ ಹೇಳಿದೆ.

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 1926ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲೂ ಓದಿ 1952ರಲ್ಲಿ ವಕೀಲರಾದರು. 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ, 1986ರಲ್ಲಿ ನಿವೃತ್ತರಾದರು. ಅವರು ಓದುವಾಗ ಕಾಲೇಜಿನಲ್ಲಿ ಕಂಪ್ಯೂಟರ್ ಇರುವ ಮಾತೇ ಇಲ್ಲ. ಅಂಥವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಧಾರ್ ಯೋಜನೆಗೆ ಆಗ ಸಂಸತ್ತಿನ ಕಾಯ್ದೆಯ ಬೆಂಬಲವೇ ಇರಲಿಲ್ಲ. ಕಾಯ್ದೆಯಿಲ್ಲದೆ ಸರ್ಕಾರ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸಬಹುದೇ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಇನ್ನೊಂದು ಮೂಲಪ್ರಶ್ನೆ ಎದ್ದಿತು: ಖಾಸಗಿತನ ಮೂಲಭೂತ ಹಕ್ಕೇ? ಒಂಬತ್ತು ನ್ಯಾಯಮೂರ್ತಿಗಳ ಪೀಠ ಕುಳಿತು, 2017ರ ಆಗಸ್ಟ್ 24ರಂದು ‘ಹೌದು’ ಎಂದು ಸರ್ವಾನುಮತದ ತೀರ್ಪು ಕೊಟ್ಟಿತು. ಮರುವರ್ಷ ಐವರ ಪೀಠ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶ ಕೊಟ್ಟಿದ್ದ ಭಾಗವನ್ನು ಹೊಡೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ದೇಶದ ಯಾವುದೇ ಕಾನೂನು ಕಾಲೇಜಿನಲ್ಲಿ ದತ್ತಾಂಶ, ಎಐ, ಮುಖಚಹರೆ ಗುರುತಿಸುವ ಕ್ಯಾಮೆರಾ ಯಾವುದರ ಪಾಠ ನಡೆದರೂ ‘ಪುಟ್ಟಸ್ವಾಮಿ ತೀರ್ಪು’ ಎಂಬ ಹೆಸರು ಬಂದೇ ಬರುತ್ತದೆ.

ಅವರಿಗೆ ಗೊತ್ತಿದ್ದದ್ದು ಪ್ರೋಗ್ರಾಮಿಂಗ್ ಅಲ್ಲ, ಸಂವಿಧಾನ. ‘ಈ ಅಧಿಕಾರ ನಿಮಗೆ ಯಾವ ಕಾಯ್ದೆ ಕೊಟ್ಟಿತು?’ ಎಂಬ ಹಳೆಯ ಪ್ರಶ್ನೆಯನ್ನು ಹೊಸ ಯಂತ್ರಕ್ಕೆ ಕೇಳಿದರು, ಅಷ್ಟೆ.

ಇನ್ನೊಂದು ತುದಿಯ ಉದಾಹರಣೆ ಶ್ರೇಯಾ ಸಿಂಘಾಲ್. ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಯುವತಿಯರಿಬ್ಬರನ್ನು ಮಹಾರಾಷ್ಟ್ರದಲ್ಲಿ ಬಂಧಿಸಿದ ಸುದ್ದಿ ಓದಿ, 2012ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸಿನ ವಯಸ್ಸು. 2015ರ ಮಾರ್ಚ್ 24ರಂದು ಕೋರ್ಟ್ ಆ ಸೆಕ್ಷನ್ನನ್ನೇ ರದ್ದುಮಾಡಿತು. ಒಬ್ಬರು 86, ಇನ್ನೊಬ್ಬರು 21. ವಯಸ್ಸಾಗಲಿ, ಓದಿದ ಕಾಂಬಿನೇಷನ್ ಆಗಲಿ ಅಡ್ಡ ಬರಲಿಲ್ಲ.

ಸಿದ್ಧತೆ ಹೇಗೆ?

ವಿದ್ಯಾರ್ಥಿಗಳೇ, ಈ ಭಾಗ ನಿಮಗೆ. ಕತ್ತರಿಸಿ ಇಟ್ಟುಕೊಂಡರೂ ಆದೀತು.

ಪಿಯುಸಿ ನಂತರ ಐದು ವರ್ಷದ ಕೋರ್ಸು, ಪದವಿಯ ನಂತರ ಮೂರು ವರ್ಷದ ಕೋರ್ಸು ಎಂದು ಎರಡು ದಾರಿ. ಐದು ವರ್ಷದ್ದಕ್ಕೆ ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಬೇಕು ಎಂಬುದು ಬಾರ್ ಕೌನ್ಸಿಲ್ ನಿಯಮ. ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ ರಿಯಾಯಿತಿ ಉಂಟು. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ನಮ್ಮ ಕಡೆಯಿಂದ ವರ್ತುಲ ರಸ್ತೆ ಹಿಡಿದರೆ ಸಿಗುವ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ದೇಶದ ಮೊದಲ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ. ಎನ್.ಆರ್. ಮಾಧವ ಮೆನನ್ ಕಟ್ಟಿ ಬೆಳೆಸಿದ ಸಂಸ್ಥೆ. 1988ರಲ್ಲಿ ಪಾಠ ಶುರುವಾಯಿತು. ಅಲ್ಲಿನ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25ರಷ್ಟು ಸೀಟುಗಳನ್ನು 2021ರಿಂದ ಮೀಸಲಿಟ್ಟಿದ್ದಾರೆ. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದ ನಮ್ಮ ಮಕ್ಕಳು ಬಹಳ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಒಮ್ಮೆ ಓದಿ ನಿಯಮ ಖಚಿತಪಡಿಸಿಕೊಳ್ಳಿ.

ಅಲ್ಲಿ ಸೀಟು ಸಿಗದಿದ್ದರೆ ಆಕಾಶ ಬೀಳುವುದಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ರಾಜ್ಯದ ಉದ್ದಗಲಕ್ಕೂ ಇವೆ. ಬಸವನಗುಡಿ ಸುತ್ತಮುತ್ತ ಕೂಡ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಗ್ರಂಥಾಲಯ ನೋಡಿ. ಅಣಕು ನ್ಯಾಯಾಲಯ ತಿಂಗಳಿಗೆ ಎಷ್ಟು ಸಲ ನಡೆಯುತ್ತದೆ, ಕಾನೂನು ನೆರವು ಕೇಂದ್ರ ನಿಜವಾಗಿ ತೆರೆದಿರುತ್ತದೆಯೇ, ಪಾಠ ಮಾಡುವವರಲ್ಲಿ ಕೋರ್ಟು ಕಂಡವರು ಎಷ್ಟು ಮಂದಿ ಎಂದು ಕೇಳಿ.

ಮೊದಲ ಎರಡು ವರ್ಷ ಎಐ ಗಿಯೈ ಎಂದು ಓಡಾಡದೆ ಬುನಾದಿ ಹಾಕಿ. ಸಂವಿಧಾನ, ಕರಾರು, ದುಷ್ಕೃತ್ಯ ಕಾನೂನು, ಅಪರಾಧ ಕಾನೂನು. ಕಾಯ್ದೆಯ ಮೂಲಪಠ್ಯ, ಅಂದರೆ ವಕೀಲರು ‘ಬೇರ್ ಆ್ಯಕ್ಟ್’ ಎನ್ನುವ ಪುಸ್ತಕವನ್ನೇ ಓದಿ, ಗೈಡ್ ಆಮೇಲೆ. ವಾರಕ್ಕೆ ಒಂದು ತೀರ್ಪು ಪೂರ್ತಿ ಓದಿ, ಒಂದು ಪುಟದಲ್ಲಿ ಸಾರಾಂಶ ಬರೆಯಿರಿ. ಆಮೇಲೆ ಬೇಕಾದರೆ ಅದೇ ತೀರ್ಪಿನ ಸಾರಾಂಶವನ್ನು ಎಐನಿಂದ ಬರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅದು ಏನು ಬಿಟ್ಟಿದೆ, ನೀವು ಏನು ಬಿಟ್ಟಿದ್ದೀರಿ ಎಂಬುದು ಕಾಣುತ್ತದೆ. ನಿಮ್ಮದನ್ನು ಮೊದಲು ಬರೆಯುವುದು ಮುಖ್ಯ. ತಿರುಗಾಮುರುಗಾ ಮಾಡಿದರೆ ಕಲಿಕೆ ಯಂತ್ರಕ್ಕೆ ಆಗುತ್ತದೆ, ನಿಮಗಲ್ಲ.

ಮೂರನೇ ವರ್ಷದಿಂದ ತಂತ್ರಜ್ಞಾನದ ಕಡೆ ತಿರುಗಿ. ಪ್ರೋಗ್ರಾಮರ್ ಆಗಬೇಕಿಲ್ಲ, ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಎಂಜಿನಿಯರ್‌ನನ್ನು ಸರಿಯಾದ ಪ್ರಶ್ನೆ ಕೇಳುವಷ್ಟು ಬಂದರೆ ಸಾಕು. ಒಂದು ಉದಾಹರಣೆ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಾಟ್ಸ್‌ಆ್ಯಪ್ ಸಂದೇಶವನ್ನೋ ಸಿಸಿಟಿವಿ ದೃಶ್ಯವನ್ನೋ ಪ್ರತಿ ಮಾಡಿ ಕೋರ್ಟಿಗೆ ಕೊಡುವಾಗ ಅದರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ‘ಹ್ಯಾಶ್’ ಎಂಬ ಸಂಖ್ಯೆ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎಂದುಕೊಳ್ಳಿ. ದೃಶ್ಯದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಇದು ತಿಳಿದ ವಕೀಲ ಎದುರಿನ ಸಾಕ್ಷಿಯನ್ನು ಮೂರು ಪ್ರಶ್ನೆಯಲ್ಲಿ ನಿಲ್ಲಿಸಬಲ್ಲ. ತಿಳಿಯದವನು ಮುದ್ರಿತ ಕಾಗದ ಹಿಡಿದು ನಿಂತಿರುತ್ತಾನೆ. ಜೊತೆಗೆ ಒಂದಿಷ್ಟು ಸಂಖ್ಯಾಶಾಸ್ತ್ರ ಕಲಿಯಿರಿ. ಸಾಲದ ಅರ್ಜಿಯನ್ನು ಯಂತ್ರ ತಿರಸ್ಕರಿಸಿದರೆ ಅದರ ಲೆಕ್ಕದಲ್ಲಿ ಪಕ್ಷಪಾತ ಇದೆಯೇ ಎಂದು ವಾದಿಸಲು ಅದು ಬೇಕು.

ರಜೆಯಲ್ಲಿ ಇಂಟರ್ನ್‌ಶಿಪ್ ಎಂದರೆ ಎಲ್ಲರ ಕಣ್ಣೂ ದೊಡ್ಡ ಫರ್ಮುಗಳ ಮೇಲೆ. ಒಮ್ಮೆ ಅಲ್ಲಿಗೆ ಹೋಗಿ, ಬೇಡವೆನ್ನುವುದಿಲ್ಲ. ಒಮ್ಮೆಯಾದರೂ ಸಿವಿಲ್ ಕೋರ್ಟಿನ ಸಾಧಾರಣ ವಕೀಲರ ಬಳಿ ಫೈಲು ಹೊರಿ. ಪಾಟೀಸವಾಲು ಹೇಗೆ ನಡೆಯುತ್ತದೆ, ಕಕ್ಷಿದಾರ ಅರ್ಧ ಮಾತನ್ನು ಏಕೆ ಮುಚ್ಚಿಡುತ್ತಾನೆ, ನ್ಯಾಯಾಧೀಶರ ಹುಬ್ಬು ಯಾವ ಮಾತಿಗೆ ಏರುತ್ತದೆ, ಇವು ಯಾವ ತಂತ್ರಾಂಶದಲ್ಲೂ ಇಲ್ಲ. ಪದವಿಯ ನಂತರ ವಕೀಲಿ ಮಾಡಲು ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು ಎಂಬುದು ನೆನಪಿರಲಿ. ಸೈಬರ್ ಕಾನೂನಿನಲ್ಲಿ ಹೆಚ್ಚಿನ ಓದು ಬೇಕೆನ್ನುವವರಿಗೆ ರಾಷ್ಟ್ರೀಯ ಕಾನೂನು ಶಾಲೆಯೇ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ.

ಕನ್ನಡ ಹೊರೆಯಲ್ಲ

ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು. ಇಂಗ್ಲಿಷ್ ಬೇಕು, ಕ್ಲ್ಯಾಟ್ ಪರೀಕ್ಷೆಯೂ ಹೈಕೋರ್ಟೂ ಇಂಗ್ಲಿಷಿನಲ್ಲೇ ನಡೆಯುತ್ತವೆ. ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆ ಓದಿ, ಕಲಿಯಿರಿ. ಆದರೆ ನಿಮ್ಮ ಕನ್ನಡವನ್ನು ನಾಚಿಕೆಯಿಂದ ಬಚ್ಚಿಡಬೇಡಿ.

ಸುಪ್ರೀಂ ಕೋರ್ಟ್ 2019ರಲ್ಲೇ ‘ಸುವಾಸ್’ ಎಂಬ ಎಐ ಅನುವಾದ ತಂತ್ರಾಂಶ ತಂದಿತು. ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ತರಲು ಅದರ ಬಳಕೆಯಾಗುತ್ತದೆ. ಅನುವಾದವನ್ನು ತಿದ್ದಲು ಮನುಷ್ಯರು ಇರುತ್ತಾರೆ. ಇರಲೇಬೇಕು. ‘ಭೋಗ್ಯ’ ಎಂಬ ಪದವನ್ನೇ ನೋಡಿ. ಹಳೆಯ ಪತ್ರದಲ್ಲಿ ಅದು ಸ್ವಾಧೀನಸಹಿತ ಅಡಮಾನ. ಬೆಂಗಳೂರಿನ ಬಾಡಿಗೆ ಲೋಕದಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂದರೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ಲೀಸು. ಎರಡಕ್ಕೂ ಕಾನೂನು ಬೇರೆ. ಪಹಣಿಯ ‘ಖರಾಬು’ ಎಂದರೆ ಕೆಟ್ಟುಹೋದ ಜಮೀನು ಎಂದು ಯಂತ್ರ ಅನುವಾದಿಸಿದರೆ ರೈತನ ಗತಿಯೇನು? ಸಾಗುವಳಿಗೆ ಲೆಕ್ಕವಿಲ್ಲದ ಭೂಮಿ ಅದು; ದಾರಿಯೂ ಇರಬಹುದು, ಹಳ್ಳವೂ ಇರಬಹುದು. ಪೋಡಿ, ಹಿಸ್ಸಾ, ಪಾಲುಪಾರಿಕತ್ತು ಇವುಗಳ ಅರ್ಥ ಅಜ್ಜನ ಬಾಯಲ್ಲಿ ಕೇಳಿ ಬೆಳೆದ ಹುಡುಗನಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಯಂತ್ರದ ಕನ್ನಡವನ್ನು ತಿದ್ದಬಲ್ಲ ಕಾನೂನು ಪಂಡಿತರು ಮುಂದಿನ ದಿನಗಳಲ್ಲಿ ತೀರಾ ಅಗತ್ಯವಾಗುತ್ತಾರೆ.

ತಂದೆ ತಾಯಂದಿರೇ, ನಿಮಗೆ ಎರಡೇ ಮಾತು. ‘ಎರಡು ತಿಂಗಳಲ್ಲಿ ಎಐ ಕಾನೂನು ತಜ್ಞರಾಗಿ’ ಎಂಬ ಜಾಹೀರಾತು ಕಂಡು ಸಾವಿರಾರು ರೂಪಾಯಿ ಕಟ್ಟಬೇಡಿ. ನಮ್ಮ ದೇಶದಲ್ಲಿ ಎಐಗೆಂದೇ ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು ಇನ್ನೂ ಮಾಡಿಲ್ಲ; ಮಾರ್ಗಸೂಚಿಗಳಿವೆ, ಹಳೆಯ ಕಾಯ್ದೆಗಳನ್ನೇ ಹೊಸ ಸಂಗತಿಗೆ ಅನ್ವಯಿಸುತ್ತಿದ್ದಾರೆ. ಹಳೆಯದು ಗೊತ್ತಿಲ್ಲದವನಿಗೆ ಹೊಸದು ಹತ್ತುವುದಿಲ್ಲ. ಎರಡನೆಯದು, ಮೊದಲ ಮೂರ್ನಾಲ್ಕು ವರ್ಷ ವಕೀಲಿಯಲ್ಲಿ ಸಂಪಾದನೆ ಕಡಿಮೆ. ಎಂಜಿನಿಯರಿಂಗ್ ಓದಿದ ಪಕ್ಕದ ಮನೆಯ ಮಗನ ಸಂಬಳದೊಂದಿಗೆ ದಿನವೂ ಹೋಲಿಸಿ ಮಗುವಿನ ಧೈರ್ಯ ಕೆಡಿಸಬೇಡಿ. ಆ ವರ್ಷಗಳನ್ನು ತಾಳಿಕೊಳ್ಳುವ ಶಕ್ತಿ ಮನೆಗೆ ಇದೆಯೇ ಎಂದು ಸೇರಿಸುವ ಮೊದಲೇ ಕುಳಿತು ಲೆಕ್ಕ ಹಾಕಿ. ಇಲ್ಲವೆಂದಾದರೆ ಕಂಪನಿಯ ಕಾನೂನು ವಿಭಾಗದ ನೌಕರಿಯತ್ತ ಮೊದಲಿಂದಲೇ ಗುರಿಯಿಡಬಹುದು. ಅದೂ ಗೌರವದ ದಾರಿಯೇ.

ಇಷ್ಟು ಹೇಳುವಷ್ಟರಲ್ಲಿ ಹುಡುಗಿ ತಲೆ ಎತ್ತಿದಳು. “ಅಂಕಲ್, ಆ ಹೆಸರಿನ ತೀರ್ಪು ಇಲ್ಲ. ಅವರು ಹೇಳಿದ ಪುಟದಲ್ಲಿ ಯಾವುದೋ ಬೇರೆ ಕೇಸಿದೆ. ವರ್ಷ ತಪ್ಪಿರಬಹುದು ಅಂತ ಹಿಂದಿನ ವರ್ಷ, ಮುಂದಿನ ವರ್ಷ ಕೂಡ ನೋಡಿದೆ. ಹೆಸರು ತಿರುಗಿಸಿ ಹಾಕಿ ನೋಡಿದೆ. ಇಲ್ಲ.” ಆಮೇಲೆ ಸ್ವಲ್ಪ ತಡೆದು, “138ನೇ ಸೆಕ್ಷನ್ನೂ ಓದಿದೆ. ನೀವು ಹೇಳಿದ ಹಾಗೆ 15 ದಿನ ಅಂತಲೇ ಇದೆ” ಎಂದಳು.

ತೀರ್ಪು ಇಲ್ಲವೆಂದು ಅವಳು ಕಂಡುಹಿಡಿದದ್ದಕ್ಕೆ ನನಗೆ ಸಂತೋಷವಾಯಿತು. ಆದರೆ ನಾನು ಹೇಳಿದ 15 ದಿನವನ್ನೂ ಅವಳು ಹಾಗೇ ನಂಬದೆ ಕಾಯ್ದೆ ತೆಗೆದು ನೋಡಿದಳಲ್ಲ, ಅದಕ್ಕೆ ಇನ್ನೂ ಹೆಚ್ಚು ಸಂತೋಷವಾಯಿತು. ತಂದೆಗೆ ಅದನ್ನೇ ಹೇಳಿದೆ: “ಯಂತ್ರವನ್ನು ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಮೂಲ ನೋಡಿದಳು. ವಕೀಲರಿಗೆ ಬೇಕಾದದ್ದು ಇದೇ. ಉಳಿದದ್ದನ್ನು ಕಾಲೇಜು ಕಲಿಸುತ್ತದೆ.”

ಅವರು ಏನೂ ಹೇಳಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ಬಂದು, “ಆ ಕ್ಲ್ಯಾಟ್ ಅರ್ಜಿಗೆ ಏನೇನು ದಾಖಲೆ ಬೇಕು ಸಾರ್?” ಎಂದು ಕೇಳಿದರು. ಜೊತೆಗೆ, ಗೆಳೆಯರ ನೋಟಿಸನ್ನು ಇನ್ನೂ ಅಂಚೆಗೆ ಹಾಕಿಲ್ಲ ಎಂದೂ ಹೇಳಿದರು. ಒಳ್ಳೆಯದಾಯಿತು.